ಕಲ್ಲಿನ ಮೇಲೆ ಮೇಯುವವು

ಕಾಕಾ ಮೊದಲ ಸಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಜಮಖಂಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಸೇರಿ ನನಗೆ ಆಗ ಎರಡನೆಯ ವರ್ಷ. ಅವರು ನಮ್ಮ ಪ್ರಯೋಗಾಲಯದ ಸಹಾಯಕರು, ನನಗಿಂತ ಹದಿನೈದು ವರ್ಷ ಹಿರಿಯರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಶಿಕ್ಷಕಿಯರನ್ನು ಕರೆಯುವ ಆ ಕಡೆಯ ರೂಢಿಯಂತೆ ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ಅದೆಷ್ಟೋ ವರ್ಷಗಳಿಂದ ಆ ಸೂಕ್ಷ್ಮದರ್ಶಕಗಳನ್ನು ಒರೆಸಿ ಪೆಟ್ಟಿಗೆಯಲ್ಲಿಡುವುದು ಅವರದೇ ಕೆಲಸ. ಆದರೆ ಒಳಗೆ ಏನು ಕಾಣುತ್ತದೆ ಎಂದು ಅವರು ನೋಡಿರಲಿಲ್ಲ. ನೋಡಿ ಎಂದು ಯಾರೂ ಹೇಳಿರಲಿಲ್ಲ.

ಅಂದು ನಾನು ಚಿಕ್ಕಪಡಸಲಗಿಯ ಬ್ಯಾರೇಜಿನ ಕೆಳಗಿನಿಂದ ಒಂದು ಕಲ್ಲು ತಂದಿದ್ದೆ. ಹೊಳೆಯಲ್ಲಿ ಕಾಲಿಟ್ಟರೆ ಜಾರಿಸುತ್ತದಲ್ಲ, ಆ ಕಂದು ಲೋಳೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟಿದ್ದೆ. ಕಾಕಾ ಮೇಜು ಒರೆಸುತ್ತ ಬಂದವರು, ನಾನು ಅಷ್ಟು ಹೊತ್ತು ಬಗ್ಗಿ ಕೂತದ್ದನ್ನು ನೋಡಿ, "ಅಂಥಾದ್ದೇನ್ ಐತ್ರಿ ಅದರಾಗ?" ಎಂದು ಕೇಳಿದರು. ನಾನು ಎದ್ದು ಸ್ಟೂಲು ಬಿಟ್ಟುಕೊಟ್ಟೆ.

ಅವರು ಕೂತು, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು, "ಇವು ಕುರಿ ಅದಾವ ಬಾಯಾರ."

"ಕುರಿ ಎಲ್ಲಿಂದ ಬಂದೂ ಕಾಕಾ?"

"ನೀವ ನೋಡ್ರಿ. ತಲಿ ತಗ್ಗಿಸಿಕೊಂಡು ಮೇಯಾಕತ್ತಾವ. ಒಂದ ಹೊಂಟ ಕಡೆ ಎಲ್ಲಾ ಹೊಂಟಾವ."

ನಾನು ನೋಡಿದೆ. ಅವು ಏಕಕೋಶ ಜೀವಿಗಳು. ಬೆನ್ನು ಡುಬ್ಬ, ಹೊಟ್ಟೆಯ ಅಡಿಯಲ್ಲಿ ಕಾಲಿನಂಥ ಬಿರುಗೂದಲುಗಳ ಸಾಲು, ಬಾಯಿ ಕೆಳಗೆ. ಲೋಳೆಯ ಮೇಲೆ ತುರುತುರು ಓಡಾಡುತ್ತ, ಅದರಲ್ಲಿದ್ದ ಬ್ಯಾಕ್ಟೀರಿಯಾಗಳನ್ನೂ ಪಾಚಿಯ ಕಣಗಳನ್ನೂ ತಿನ್ನುತ್ತಿದ್ದವು. ಪಠ್ಯಪುಸ್ತಕದಲ್ಲಿ ಅವುಗಳ ಚಿತ್ರ ಬರೆದು ನಾನು ಪದವಿ ಪಡೆದಿದ್ದೆ. ಅವು ಮಂದೆಯಂತೆ ನಡೆಯುತ್ತವೆ ಎಂಬುದು ಮಾತ್ರ ಅಂದೇ ಕಣ್ಣಿಗೆ ಬಿತ್ತು.

ಕಾಕಾನ ಮನೆತನ ಸಾವಳಗಿ ಕಡೆಯದು. ಅಪ್ಪ, ಅಜ್ಜ ಎಲ್ಲರೂ ಕುರಿ ಕಾದವರು, ಬೀರೇಶ್ವರನ ಒಕ್ಕಲು. ಅವರೊಬ್ಬರೇ ಏಳನೆಯ ಇಯತ್ತೆ ಓದಿ ನೌಕರಿ ಹಿಡಿದಿದ್ದರು. ಮನೆಯ ಕುರಿಗಳನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಹಣೆಗೆ ಭಂಡಾರ ಹಚ್ಚಿಕೊಳ್ಳದೆ ಅವರು ಕಾಲೇಜಿಗೆ ಬರುತ್ತಿರಲಿಲ್ಲ. ಆ ದಿನದಿಂದ ನಮ್ಮ ಸೂಕ್ಷ್ಮದರ್ಶಕದ ಕಣ್ಣುಗಾಜಿನ ಅಂಚಿಗೆ ಯಾವಾಗಲೂ ಅರಿಸಿನದ ಒಂದು ಗೆರೆ ಇರುತ್ತಿತ್ತು. ನನ್ನ ಹುಬ್ಬಿಗೂ ಅಂಟುತ್ತಿತ್ತು. ಮನೆಯಲ್ಲಿ ನನ್ನ ಗಂಡ ಅದನ್ನು ನೋಡಿ ನಗುತ್ತಿದ್ದರು.

ಅದೇ ವರ್ಷ ನಾನು ಪಿಎಚ್.ಡಿಗೆ ನೋಂದಾಯಿಸಿಕೊಂಡೆ. ವಿಷಯ ಅದೇ, ಹೊಳೆಯ ಲೋಳೆಯಲ್ಲಿ ಮೇಯುವ ಸೂಕ್ಷ್ಮಜೀವಿಗಳು. ಜನ ಲೋಳೆಯನ್ನು ಹೊಲಸು ಅಂದುಕೊಳ್ಳುತ್ತಾರೆ. ಹೊಳೆಯ ನೀರನ್ನು ಹಸನು ಮಾಡುವ ಕೆಲಸದ ದೊಡ್ಡ ಪಾಲು ನಡೆಯುವುದು ಅಲ್ಲಿಯೇ. ಈ ಮೇಯುವ ಜೀವಿಗಳು ಇರದಿದ್ದರೆ ಲೋಳೆ ದಪ್ಪಗಾಗಿ, ಒಳಗೆ ಗಾಳಿಯಾಡದೆ ಕೊಳೆಯುತ್ತದೆ. ಇವು ಮೇಯ್ದಲ್ಲಿ ಸಣ್ಣ ಸಣ್ಣ ದಾರಿಗಳಾಗಿ ನೀರು ಒಳಗೆ ಹರಿಯುತ್ತದೆ, ಹೊಸದು ಬೆಳೆಯುತ್ತದೆ. ಇದನ್ನು ಕಾಕಾನಿಗೆ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. "ಗೊಬ್ಬರಕ್ಕಂತ ಹೊಲದಾಗ ಕುರಿ ತರಬಿಸಿದಂಗ ಆತಲ್ರೀ," ಎಂದರು, ಇಷ್ಟೇನಾ ಎಂಬಂತೆ.

ನಮ್ಮ ಕ್ರಮ ಸರಳವಾಗಿತ್ತು. ಗಾಜಿನ ಪಟ್ಟಿಗಳನ್ನು ಒಂದು ಚೌಕಟ್ಟಿಗೆ ಸಿಕ್ಕಿಸಿ, ನೈಲಾನ್ ಹಗ್ಗದಿಂದ ಕಲ್ಲಿಗೆ ಕಟ್ಟಿ ನೀರಿಗೆ ಬಿಡುವುದು. ಹದಿನೈದು ದಿನದಲ್ಲಿ ಅವುಗಳ ಮೇಲೆ ಲೋಳೆ ಬೆಳೆಯುತ್ತದೆ, ಮೇಯುವವು ತಾವಾಗಿ ಬಂದು ಸೇರುತ್ತವೆ. ಆಗ ತಂದು ಎಣಿಸುವುದು. ಒಂದು ಚೌಕಟ್ಟು ಕೃಷ್ಣೆಯಲ್ಲಿ, ಚಿಕ್ಕಪಡಸಲಗಿಯ ಬಳಿ. ಇನ್ನೊಂದು ಘಟಪ್ರಭೆಯಲ್ಲಿ, ಮುಧೋಳದ ಬಳಿ. ಒಂದು ಶನಿವಾರ ಬಿಟ್ಟು ಇನ್ನೊಂದು ಶನಿವಾರ ನಾವಿಬ್ಬರೂ ಬಸ್ಸು ಹತ್ತಿ ಹೋಗುತ್ತಿದ್ದೆವು. ಕಾಕಾ ಧೋತರ ಮೇಲೆ ಕಟ್ಟಿ ನೀರಿಗಿಳಿದರೆ ನಾನು ದಂಡೆಯ ಮೇಲೆ ಡಬ್ಬಿಗಳನ್ನು ಹಿಡಿದು ನಿಲ್ಲುತ್ತಿದ್ದೆ. ಬಟ್ಟೆ ಒಗೆಯುವ ಹೆಂಗಸರು, "ಏನ್ ಹಿಡ್ಯಾಕತ್ತೀರಿ, ಮೀನೇನ್ರಿ?" ಎಂದು ಕೇಳಿದರೆ ಅವರು ಗಂಭೀರವಾಗಿ, "ಇಲ್ಲವಾ, ಕುರಿ," ಎನ್ನುತ್ತಿದ್ದರು.

ಮೊದಲ ವರ್ಷ ಅವರು ಎಣಿಸಿದ್ದನ್ನು ನಾನು ಮತ್ತೊಮ್ಮೆ ಎಣಿಸುತ್ತಿದ್ದೆ. ಬಹಳಷ್ಟು ಸಲ ನಾನೇ ಕಡಿಮೆ ಎಣಿಸಿರುತ್ತಿದ್ದೆ. ಓಡುವ ಪ್ರಾಣಿಗಳನ್ನು ಎಣಿಸುವುದು ಅವರಿಗೆ ಎಳೆತನದಿಂದ ಬಂದ ವಿದ್ಯೆ. ಉದ್ದ ಕತ್ತಿನ ಒಂದು ಜೀವಿ ಉಳಿದವನ್ನು ಹಿಡಿದು ತಿನ್ನುತ್ತಿತ್ತು. ಅದಕ್ಕೆ ಅವರು ತೋಳ ಎಂದು ಹೆಸರಿಟ್ಟು ಬೇರೆ ಕಾಲಮ್ಮಿನಲ್ಲಿ ಬರೆಸುತ್ತಿದ್ದರು. ಎರಡನೆಯ ವರ್ಷದಿಂದ ನಾನು ಮರು ಎಣಿಕೆ ಬಿಟ್ಟೆ. ತರಗತಿಗಳಿದ್ದವು, ಮೌಲ್ಯಮಾಪನದ ಕೆಲಸ ಇತ್ತು, ಮನೆಯಲ್ಲಿ ಮಗಳು ಚಿಕ್ಕವಳು. ಅವರು ಕಿಟಕಿಯ ಬಳಿ ಬೆಳಕಿಗೆ ಕೂತು ಎಣಿಸಿ, ದಪ್ಪ ಕನ್ನಡ ಅಂಕಿಗಳಲ್ಲಿ ವಹಿಯಲ್ಲಿ ಬರೆದಿಡುತ್ತಿದ್ದರು. ನಾನು ಸಂಜೆ ಕಂಪ್ಯೂಟರಿಗೆ ಏರಿಸುತ್ತಿದ್ದೆ. ಎಣಿಸಿ ಉಳಿದ ಲೋಳೆಯನ್ನು ಅಯೋಡಿನ್ ಹಾಕಿದ ಸಣ್ಣ ಸೀಸೆಗಳಲ್ಲಿ ತುಂಬಿ, ಚೀಟಿ ಅಂಟಿಸಿ ಕಪಾಟಿನಲ್ಲಿಡುತ್ತಿದ್ದೆವು. ಹಾಗೆ ಇಡಬೇಕು ಎಂಬುದು ನಿಯಮ, ಇಟ್ಟೆವು.

ಮೂರನೆಯ ವರ್ಷದ ಮಳೆಗಾಲ ಮುಗಿದ ಮೇಲೆ ಅಂಕಿಗಳು ಇಳಿಯತೊಡಗಿದವು. ಮೊದಲ ತಿಂಗಳು ಸ್ವಲ್ಪ, ಮುಂದಿನ ತಿಂಗಳು ಇನ್ನಷ್ಟು. ಬೇಸಿಗೆ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಉಳಿದಿತ್ತು. ನನ್ನ ಮಾರ್ಗದರ್ಶಕರು ಫೋನಿನಲ್ಲಿ, "ಇದು ದೊಡ್ಡ ಸುದ್ದಿ, ಇದನ್ನೇ ಮುಖ್ಯ ಅಧ್ಯಾಯ ಮಾಡಿ," ಎಂದರು. ನಾನು ಗ್ರಾಫು ಬರೆದೆ. ಕೃಷ್ಣೆಗೆ ನೀಲಿ ಗೆರೆ, ಘಟಪ್ರಭೆಗೆ ಕೆಂಪು ಗೆರೆ. ಎರಡೂ ಒಂದರ ಪಕ್ಕ ಒಂದು, ಕೈ ಹಿಡಿದುಕೊಂಡ ಹಾಗೆ ಕೆಳಗಿಳಿದಿದ್ದವು. ನೀರು ಬೇರೆ, ದಂಡೆಯ ಊರುಗಳು ಬೇರೆ, ಕಲ್ಲು ಬೇರೆ. ಹಾಗಿದ್ದೂ ಇಳಿಕೆ ಒಂದೇ ತೆರ ಏಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಅದು ಎದ್ದು ಕಾಣುತ್ತಿತ್ತು. ನನಗೆ ಬೇಕಾದ ಉತ್ತರ ಸಿಕ್ಕಿತ್ತು, ಅದಕ್ಕೇ ಕೇಳಲಿಲ್ಲ.

ಒಂದು ವಿಚಾರ ಸಂಕಿರಣದಲ್ಲಿ ಅದನ್ನು ಓದಿದೆ. ಚಪ್ಪಾಳೆ ಬಿತ್ತು. ಪತ್ರಿಕೆಯ ಒಳಪುಟದಲ್ಲಿ, ನಮ್ಮ ನದಿಗಳಲ್ಲಿ ಸೂಕ್ಷ್ಮಜೀವಿಗಳು ಕಣ್ಮರೆಯಾಗುತ್ತಿವೆ ಎಂದು ನನ್ನ ಫೋಟೋದೊಂದಿಗೆ ಬಂತು. ಆ ಹಾಳೆಯನ್ನು ಕಾಕಾನಿಗೆ ತೋರಿಸಿದೆ. ಅವರು ಅದನ್ನು ಮುಖಕ್ಕೆ ನೇರ ಹಿಡಿದು, ನಿಧಾನವಾಗಿ ಅತ್ತಿತ್ತ ಸರಿಸುತ್ತ ಓದಿದರು.

"ಹೊಳ್ಯಾಗ ಖರೇನ ಕಡಿಮಿ ಆಗ್ಯಾವೇನ್ರಿ ಬಾಯಾರ?"

"ನೀವ ಎಣಿಸೀರಲ್ಲ ಕಾಕಾ, ನನ್ನ ಕೇಳ್ತೀರಲ್ಲ!" ಎಂದು ನಕ್ಕೆ.

ಅವರು ನಗಲಿಲ್ಲ. ಏನೋ ಹೇಳಬೇಕೆಂದು ನಿಂತರು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಾನು ತರಗತಿಗೆ ಹೋದೆ.

ಆ ವರ್ಷ ಅವರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಅಳತೆಯ ಎರಡು ಗಾಜಿನ ಪಾತ್ರೆಗಳನ್ನು ಮೇಜಿನ ಅಂಚಿನಿಂದ ಕೆಡವಿದರು. ಎರಡನೆಯದಕ್ಕೆ ನಾನು ಸಿಡುಕಿದೆ. ಹೊಳೆಯಲ್ಲಿ ಒಂದು ಸಲ ಪಕ್ಕದ ಕಲ್ಲು ಕಾಣದೆ ಮುಗ್ಗರಿಸಿ ಮೊಣಕಾಲು ತರಚಿಕೊಂಡರು. ವಯಸ್ಸಾಯಿತು ಅಂದುಕೊಂಡೆ. ಅವರಿಗೆ ಆಗಿನ್ನೂ ಐವತ್ತೇಳು.

ಜೂನ್ ತಿಂಗಳಲ್ಲಿ ಒಂದು ದಿನ, ಬನಹಟ್ಟಿಯಲ್ಲಿ ಸಂಬಂಧಿಕರ ಮದುವೆ ಎಂದು ಅವರು ರಜೆ ಹಾಕಿದ್ದರು. ಮುಧೋಳದಿಂದ ತಂದ ಪಟ್ಟಿ ಕಾಯುವಂತಿರಲಿಲ್ಲ, ಜೀವಿಗಳು ಸತ್ತುಹೋಗುತ್ತವೆ. ಎಷ್ಟೋ ತಿಂಗಳ ನಂತರ ನಾನೇ ಕೂತೆ. ಕಣ್ಣಿಟ್ಟರೆ, ಆ ಬೆಳಕಿನ ವೃತ್ತದ ತುಂಬ ಅವೇ. ನಡುವೆ, ಅಂಚಿನಲ್ಲಿ, ಒಂದರ ಮೇಲೊಂದು ಹಾಯ್ದು ಮೇಯುತ್ತಿದ್ದವು. ಪಟ್ಟಿ ತಪ್ಪಿರಬೇಕು ಎಂದು ಚೀಟಿ ನೋಡಿದೆ. ತಪ್ಪಿರಲಿಲ್ಲ. ಮತ್ತೆ ಎಣಿಸಿದೆ. ಮೊದಲ ವರ್ಷ ಎಷ್ಟಿದ್ದವೋ ಅಷ್ಟೇ ಇದ್ದವು.

ಮರುದಿನ ಕಾಕಾ ಬಂದಾಗ ಏನೂ ಹೇಳದೆ, ಬೆಳಿಗ್ಗೆಯಷ್ಟೇ ಚಿಕ್ಕಪಡಸಲಗಿಯಿಂದ ತಂದಿದ್ದ ಹೊಸ ಪಟ್ಟಿ ಮುಂದಿಟ್ಟೆ. ಅವರು ಮೊದಲ ವೃತ್ತಕ್ಕೆ ಒಂಬತ್ತು ಎಂದರು. ನಾನು ಬಗ್ಗಿ ನೋಡಿದೆ. ಮೂವತ್ತರ ಮೇಲೆ ಇದ್ದವು.

ಒಂದು ಡುಬ್ಬ ಬೆನ್ನಿನದು ಲೋಳೆಯ ಮುದ್ದೆಗೆ ಸಿಕ್ಕಿ ನಿಂತಲ್ಲೇ ಮೇಯುತ್ತಿತ್ತು. ಗಾಜನ್ನು ಸರಿಸಿ ಅದನ್ನು ವೃತ್ತದ ಬಲ ಅಂಚಿಗೆ ತಂದೆ.

"ಈಗ ನೋಡ್ರಿ ಕಾಕಾ. ಅಂಚಿನಾಗ ಒಂದ ಐತಿ. ಕಾಣತೈತೇನು?"

ಅವರು ನೋಡಿದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು.

"ಅಂಚ ಎಲ್ಲೈತ್ರಿ ಬಾಯಾರ?"

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಮರೆತಿಲ್ಲ. ಕಣ್ಣಿಗೆ ಏನಾಗಿದೆ ಎಂದು ಕೇಳಲಿಲ್ಲ. "ಎಷ್ಟ ತಿಂಗಳಿಂದ ಹಿಂಗ? ನನ್ನ ಅಧ್ಯಾಯ ಎಲ್ಲಾ ಹಾಳಾತಲ್ಲ!" ಎಂದು ಕೂಗಿದೆ. ಪಕ್ಕದ ಕೋಣೆಯಿಂದ ಇಬ್ಬರು ವಿದ್ಯಾರ್ಥಿನಿಯರು ಇಣುಕಿದರು.

ಕಾಕಾ ಸ್ಟೂಲಿನಿಂದ ಎದ್ದು ನಿಂತರು. ಎರಡೂ ಕೈ ಮುಂದೆ ಕಟ್ಟಿಕೊಂಡು, ತಪ್ಪು ಮಾಡಿದ ಹುಡುಗನ ಹಾಗೆ. "ಕಂಡಷ್ಟು ಹೇಳೇನ್ರಿ ಬಾಯಾರ. ಕಾಣಲಾರದ್ದ ಒಂದೂ ವಹಿಯಾಗ ಬರದಿಲ್ಲ," ಎಂದರು.

ಆ ವಾರವೇ ಅವರನ್ನು ವಿಜಯಪುರದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಗ್ಲಾಕೋಮಾ. ಕಣ್ಣಿನ ಒಳಗಿನ ಒತ್ತಡ ಏರಿ ನರ ಸಾಯುತ್ತ ಬರುವ ಕಾಯಿಲೆ. ನೋವಿಲ್ಲ, ಕೆಂಪಾಗುವುದಿಲ್ಲ, ನೋಟ ಸುತ್ತಲಿಂದ ಮುಚ್ಚುತ್ತ ನಡುವಿಗೆ ಬರುತ್ತದೆ. ನಡುವಿನದು ಕೊನೆಯವರೆಗೂ ಕಾಣುವುದರಿಂದ ಮನುಷ್ಯನಿಗೆ ತಿಳಿಯುವುದು ತಡ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಔಷಧಿಯಿಂದ ಕಾಪಾಡಲು ನೋಡಬಹುದು ಎಂದರು ಡಾಕ್ಟರು. ಆಮೇಲೆ ಕಾಕಾನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು, "ಒಂದು ವರ್ಷದಿಂದ ಏನೂ ಗೊತ್ತಾಗಲಿಲ್ಲವೇ? ಆಗ ಬಂದಿದ್ದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು."

ನನಗೆ ಗೊತ್ತಾಗಿತ್ತು. ತಿಂಗಳು ತಿಂಗಳಿನ ಲೆಕ್ಕ ನನ್ನ ಕಂಪ್ಯೂಟರಿನಲ್ಲಿತ್ತು. ಒಬ್ಬ ಮನುಷ್ಯನ ಕಣ್ಣು ಹೋಗುವುದನ್ನು ನೀಲಿ ಮತ್ತು ಕೆಂಪು ಗೆರೆಗಳಲ್ಲಿ ಬರೆದು, ನದಿಯ ಹೆಸರಿಟ್ಟು, ವೇದಿಕೆಯ ಮೇಲೆ ನಿಂತು ತೋರಿಸಿದ್ದೆ.

ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಬದಿಗೆ ಕೂತಿದ್ದರು. ನಾನು ಕೇಳಿದೆ, "ಮೊದಲ ಯಾಕ ಹೇಳಲಿಲ್ಲ ಕಾಕಾ?"

"ಮೊದಲ ನನಗೂ ತಿಳೀಲಿಲ್ರಿ. ಹೊಳ್ಯಾಗ ಕಡಿಮಿ ಆಗ್ಯಾವ ಅಂದಕೊಂಡೆ. ಆಮ್ಯಾಲ ಅನುಮಾನ ಬಂತು. ಹೇಳಿದರ ನೀವು ಸ್ಟೂಲಿನ ಮ್ಯಾಲಿಂದ ಎಬ್ಬಸ್ತಿದ್ರಿ." ಕಿಟಕಿಯ ಸರಳು ಹಿಡಿದುಕೊಂಡು, "ನೀವು ಬರೋ ಮೊದಲ ಕಾಲೇಜಿನಾಗ ಯಾರೂ ನನಗ ಏನೂ ಎಣಿಸಾಕ ಕೊಟ್ಟಿದ್ದಿಲ್ಲ ನೋಡ್ರಿ," ಎಂದರು.

ನಾನು ಮುಖ ಆಚೆ ತಿರುಗಿಸಿದೆ. ಅವರಿಗೆ ಆ ಬದಿಯದು ಕಾಣುತ್ತಿರಲಿಲ್ಲ. ಆದರೂ ತಿರುಗಿಸಿದೆ.

ಮಳೆಗಾಲವಿಡೀ ಕಪಾಟಿನ ಸೀಸೆಗಳನ್ನು ತೆಗೆದು ನಾನೇ ಮತ್ತೆ ಎಣಿಸಿದೆ. ಅಯೋಡಿನ್ನಿನಲ್ಲಿ ಸತ್ತು ಕಂದಾದ ಜೀವಿಗಳು ಓಡುವುದಿಲ್ಲ, ಎಣಿಸುವುದು ಸುಲಭ. ಇಳಿಕೆ ಎಲ್ಲಿಯೂ ಇರಲಿಲ್ಲ. ಕಾಕಾ ಪಕ್ಕದಲ್ಲಿ ಕೂತು ಒಂದೊಂದೇ ಸೀಸೆಯ ಮುಚ್ಚಳ ತೆಗೆದುಕೊಡುತ್ತಿದ್ದರು. ಮುಗಿದ ಮೇಲೆ ಸಂಕಿರಣ ನಡೆಸಿದವರಿಗೆ, ಆ ಪತ್ರಿಕೆಗೆ ಪತ್ರ ಬರೆದೆ, ನನ್ನ ಎಣಿಕೆ ತಪ್ಪಾಗಿತ್ತು ಎಂದು. ನನ್ನ ಎಣಿಕೆ ಎಂದೇ ಬರೆದೆ. ಮಾರ್ಗದರ್ಶಕರಿಗೆ ಸಿಟ್ಟು ಬಂತು. "ಯಾರು ಕೇಳಿದ್ದರು ನಿಮ್ಮನ್ನು? ನದಿಗಳು ಕೆಟ್ಟಿರುವುದು ಸುಳ್ಳೇನೂ ಅಲ್ಲವಲ್ಲ," ಎಂದರು. ಆಮೇಲೆ ಅವರು ಫೋನು ಎತ್ತುವುದು ಕಡಿಮೆಯಾಯಿತು. ನೋಂದಣಿಯ ಅವಧಿ ಮುಗಿಯಿತು. ನಾನು ಮತ್ತೆ ನೋಂದಾಯಿಸಿಕೊಳ್ಳಲಿಲ್ಲ. ಅದಕ್ಕಾಗಿ ಈಗ ದುಃಖವಿಲ್ಲ. ಇದ್ದ ದುಃಖ ಬೇರೆ ಕಡೆಗೆ ಹೋಗಿದೆ.

ಕಾಕಾ ನಿವೃತ್ತಿಯಾಗಿ ಹಳ್ಳಿಗೆ ಹೋದರು. ಈ ಕಾಯಿಲೆ ಒಡಹುಟ್ಟಿದವರಿಗೂ ಬರುತ್ತದೆ, ತಮ್ಮನನ್ನು ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ತಮ್ಮ ಒಪ್ಪುತ್ತಿರಲಿಲ್ಲ. ಗುಡ್ಡದ ತುದಿಯಲ್ಲಿರುವ ಮರಿಯೂ ತನಗೆ ಕಾಣುತ್ತದೆ ಎನ್ನುತ್ತಿದ್ದ. ಕಾಕಾ ಅವನ ಕೈ ಹಿಡಿದು ಅಂಗಳದಲ್ಲಿ ನಿಲ್ಲಿಸಿ, "ನನಗೂ ಕಾಣತಿತ್ತಲೇ, ನಟ್ಟನಡುವಿಂದು ಎಲ್ಲಾ ಕಾಣತಿತ್ತು," ಎಂದು ಬೈದು ವಿಜಯಪುರಕ್ಕೆ ಹೊರಡಿಸಿದರು. ಅವನಿಗೂ ಇತ್ತು, ಆದರೆ ಆಗಷ್ಟೇ ಶುರು. ಹನಿ ಔಷಧಿ ಹಾಕಿಕೊಳ್ಳುತ್ತಾನೆ. ಇವತ್ತಿಗೂ ಕುರಿ ಬಿಟ್ಟುಕೊಂಡು ಹೋಗುತ್ತಾನೆ.

ಕಾಕಾನಿಗೆ ಹನಿ ನಾಟಲಿಲ್ಲ. ಎರಡು ವರ್ಷದಲ್ಲಿ ನಡುವಿನ ತುಣುಕೂ ಹೋಗಿ, ಬೆಳಕು ಕತ್ತಲೆ ಇಷ್ಟು ಮಾತ್ರ ಉಳಿಯಿತು. ಹಾಗಿದ್ದಾಗಲೇ ಒಂದು ಸಲ ನನ್ನೊಡನೆ ಚಿಕ್ಕಪಡಸಲಗಿಗೆ ಬಂದಿದ್ದರು. ಬೇಸಿಗೆಯ ಬೆಳಗು. ನೀರು ಇಳಿದು ಅಲ್ಲಲ್ಲಿ ನಿಂತಿತ್ತು. ದಂಡೆಯಲ್ಲಿ ಕೂರಿಸಿ ಒಂದು ಕಲ್ಲು ತೆಗೆದು ಅವರ ಕೈಗಿಟ್ಟೆ. ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

"ದಪ್ಪ ಐತ್ರಿ," ಎಂದರು. "ಮೇಯೋವು ಇಲ್ಲ. ಒಯ್ದು ನೋಡ್ರಿ, ನನಗ ಫೋನ್ ಮಾಡ್ರಿ."

ಮಧ್ಯಾಹ್ನ ಕಾಲೇಜಿನಲ್ಲಿ ನೋಡಿದೆ. ಹನಿಗೆ ಎರಡೋ ಮೂರೋ. ಎಷ್ಟು ಹನಿ ಬದಲಿಸಿದರೂ ಅಷ್ಟೇ. ಫೋನು ಮಾಡಿ ಹೇಳಿದೆ. ಎಷ್ಟು ಹನಿ ನೋಡಿದಿರಿ ಎಂದರು ಕಾಕಾ. ಆಮೇಲೆ ಬಹಳ ಮೆಲ್ಲಗೆ ಕೇಳಿದರು, "ನಿಮ್ಮ ಕಣ್ಣ ಛಲೋ ಅದಾವಲ್ರೀ ಬಾಯಾರ? ಒಮ್ಮಿ ತೋರಿಸ್ಕೊಂಡ ಬರ್ರಿ. ತಡಾ ಮಾಡಬ್ಯಾಡ್ರಿ."

ನಾನು ಕೂಗಾಡಿದ ದಿನ ಅವರನ್ನು ಕೇಳಬೇಕಾಗಿದ್ದ ಮಾತು ಇದು. ಆಗಲಿ ಕಾಕಾ ಎಂದೆ. ಮರುವಾರ ಹೋಗಿ ತೋರಿಸಿಕೊಂಡೆ. ನನ್ನ ಕಣ್ಣು ನೆಟ್ಟಗಿದ್ದವು. ಅದನ್ನು ಹೇಳಿದಾಗ ಅವರು, "ಹಂಗಾರ ಹೊಳಿ..." ಎಂದು ಶುರು ಮಾಡಿ, ಮುಗಿಸದೆ, ನನ್ನ ಮಗಳ ಶಾಲೆ ಹೇಗಿದೆ ಎಂದು ಕೇಳಿದರು.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡರು. ನಾನು ಪರೀಕ್ಷೆಯ ಕೋಣೆಯಲ್ಲಿದ್ದೆ. ಸಂಜೆ ಫೋನು ನೋಡಿದಾಗ ಮಣ್ಣು ಮಾಡಿ ಮುಗಿದಿತ್ತು. ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಒಳಗೆ ಮಲಗಿದ್ದರು. ತಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ. ಚಹಾ ಬಂತು.

"ಒಂದ ಕೇಳ್ಲ್ಯಾ ಬಾಯಾರ?" ಎಂದ. "ಅಣ್ಣ ಕಾಲೇಜಿನಾಗ ಏನ್ ಕೆಲಸ ಮಾಡ್ತಿದ್ದ ರೀ? ನಾವು ಕೇಳಿದಾಗೊಮ್ಮಿ ಕುರಿ ಎಣಿಸ್ತೇನಿ ಅಂತಿದ್ದ. ಚ್ಯಾಷ್ಟಿ ಮಾಡ್ತಾನ ಅಂತ ನಾವೆಲ್ಲಾ ನಗತಿದ್ವಿ."

ಚ್ಯಾಷ್ಟಿ ಅಲ್ಲ ಎಂದೆ. ಹೇಳಲು ಶುರು ಮಾಡಿದೆ, ಹೊಳೆಯ ಕಲ್ಲು, ಅದರ ಮೇಲಿನ ಲೋಳೆ, ಅದನ್ನು ಮೇಯುವವು, ಅವು ಎಷ್ಟು ಸಣ್ಣವು ಎಂದು. ಅವನು ಚಹಾ ಕೆಳಗಿಟ್ಟು ಕೇಳುತ್ತ ಕೂತ. ಒಳಗಿನಿಂದ ಅವರ ಹೆಂಡತಿ ಎದ್ದು ಬಂದು ಬಾಗಿಲಿಗೆ ಆತುಕೊಂಡು ನಿಂತರು. ಎಣಿಸುವಾಗ ಒಂದು ಕಣ್ಣು ಮುಚ್ಚುತ್ತಿದ್ದರು ಎಂಬಲ್ಲಿಯವರೆಗೆ ಹೇಳಿದೆ. ಅಲ್ಲಿಗೆ ನಿಲ್ಲಿಸಿ, ಆರಿದ ಚಹಾ ಎತ್ತಿಕೊಂಡೆ.